ನೂರೈದು ಕುರ್ಚಿ

ಸೆಪ್ಟೆಂಬರ್ 21, ಶನಿವಾರ

ಅಂಗಡಿ ಬೇಗ ತೆಗೆದೆ. ಶನಿವಾರವೆಂದರೆ ನಾಳೆಯ ಚರ್ಚಿಗೆ ತಲೆ ಮಾಡಿಸಿಕೊಳ್ಳುವ ಹೆಂಗಸರ ಸಾಲು. ಗುಂಗುರು ಕೂದಲು ನೇರ ಮಾಡುವ ಬಿಸಿ ಬಾಚಣಿಗೆ ಕೈಯಿಂದ ಇಳಿಯಲೇ ಇಲ್ಲ. ಮಧ್ಯಾಹ್ನಕ್ಕೆ ನಿಂತಲ್ಲೇ ಒಂದು ಹಿಡಿ ಬೇಯಿಸಿದ ಕಡಲೆಕಾಯಿ.

ಎಲ್ಲರದೂ ನಿನ್ನೆಯ ಹೈಸ್ಕೂಲು ಫುಟ್‌ಬಾಲ್ ಆಟದ ಮಾತು. ಗೆದ್ದೆವು. ಚೆಂಡು ಹಿಡಿದು ಓಡಿದವನನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಮಗ ಆಮೋಸನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಬರದಿದ್ದರೇ ಕ್ಷೇಮ. ಅವನು ಲಾಂಗ್ ಸ್ನ್ಯಾಪರ್ — ಬಗ್ಗಿ ನಿಂತು, ಕಾಲುಗಳ ಸಂದಿಯಿಂದ ಚೆಂಡನ್ನು ದೂರ ಹಿಂದೆ ನಿಂತವನ ಕೈಗೆ ನೇರ ಕಳಿಸಬೇಕು. ಆ ಹಿಂದಿನವನು ಒದೆಯುತ್ತಾನೆ, ಚಪ್ಪಾಳೆ ಅವನಿಗೆ. ಸರಿಯಾಗಿ ಕಳಿಸಿದರೆ ಇವನ ಗೊಡವೆ ಯಾರಿಗೂ ಬೇಡ. ಒಂದೇ ಸಲ ತಪ್ಪಿದರೆ ಇಡೀ ಜಿಲ್ಲೆಗೆ ಹೆಸರು ಗೊತ್ತು. ನನ್ನ ಫೋನಿನ ತುಂಬ ಅವನ ಆಟದ ಫೋಟೋಗಳಿವೆ, ಎಲ್ಲದರಲ್ಲೂ ಬೆನ್ನ ಕೆಳಗಿನ ಭಾಗವೇ.

ಹೊಸದಾಗಿ ಬಂದವಳೊಬ್ಬಳು ಕೇಳಿದಳು, "ನಿಮ್ಮ ಮಗ ಹೆಂಗೆ ಆಡ್ತಾನೆ ಮಿಸ್ ವರ್ನೆಲ್?"

"ತಲೆಕೆಳಗಾಗಿ ಆಡ್ತಾನೆ ಕಣಮ್ಮ," ಅಂದೆ. ಅಂಗಡಿಯೆಲ್ಲ ನಕ್ಕಿತು.

ನಗಲಿ. ಆ ತಲೆಕೆಳಗಿನ ಕೆಲಸಕ್ಕೇ ಹಾರ್ಗ್ರೋವ್ ಸ್ಟೇಟ್ ಕಾಲೇಜಿನವರು ಪೂರಾ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದಿದ್ದಾರೆ. ಓದು, ರೂಮು, ಊಟ, ಎಲ್ಲ. ಜೂನ್‌ನಲ್ಲಿ ಅಲ್ಲಿನ ಕೋಚ್ ಹ್ಯಾಡ್ಲಿ ಫೋನ್ ಮಾಡಿದ. ಆಮೋಸ್ ಫೋನಿನಲ್ಲೇ "ಬರ್ತೀನಿ ಸರ್" ಅಂದ. ಅಷ್ಟೇ. ಇದಕ್ಕೆ ಕಮಿಟ್ ಆಗುವುದು ಅನ್ನುತ್ತಾರೆ. ಕಾಗದ ಗೀಗದ ಏನೂ ಇಲ್ಲ. ಸಹಿ ಡಿಸೆಂಬರ್‌ನಲ್ಲಿ. ನಮ್ಮಣ್ಣ ಹೋಬರ್ಟ್ ಮಾರನೆಯ ದಿನವೇ ಹಾರ್ಗ್ರೋವ್‌ನ ಹಸಿರು ಟೋಪಿ ತಂದ. ಸ್ನಾನಕ್ಕೂ ತೆಗೆಯುವುದಿಲ್ಲ ಅಂತ ಅತ್ತಿಗೆಯ ದೂರು.

ಈ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಇವನು ಹತ್ತಲಿ. ಹಿಸ್ಟರಿ ಮೇಷ್ಟ್ರಾಗಬೇಕಂತೆ. ಆ ಸ್ಕಾಲರ್‌ಶಿಪ್ ಇಲ್ಲದೆ ಹೋದರೆ... ಬೇಡ. ಬರೆಯುವುದಿಲ್ಲ.

ಅಕ್ಟೋಬರ್ 3, ಗುರುವಾರ

ಸಂಜೆ ಲ್ಯಾಂಗ್ಡನ್ ಕಾಲೇಜಿನ ಕೋಚ್ ಪೂಲ್ ಮನೆಗೆ ಬಂದಿದ್ದ. ಸಣ್ಣ ಕಾಲೇಜು. ಹಾರ್ಗ್ರೋವ್‌ನ ಆಟ ಟಿವಿಯಲ್ಲಿ ಬರುತ್ತದೆ, ಇವರದು ಬರುವುದಿಲ್ಲ. ಮನುಷ್ಯ ಒಳ್ಳೆಯವನು. ಪೌಂಡ್ ಕೇಕ್ ಎರಡು ತುಂಡು ತಿಂದ, ಮೂರನೆಯದಕ್ಕೆ ಕಣ್ಣು ಹಾಕಿದ, ಕೊಟ್ಟೆ.

"ಆಮೋಸ್, ನೀನು ಹಾರ್ಗ್ರೋವ್‌ಗೆ ಮಾತು ಕೊಟ್ಟಿದೀಯ ಅಂತ ಗೊತ್ತಪ್ಪ. ಆದ್ರೂ ಒಂದ್ಸಲ ಬಂದು ನಮ್ಮ ಕಾಲೇಜು ನೋಡ್ಕೊಂಡು ಹೋಗು. ನೋಡಿದ್ರೆ ಏನ್ ಗಂಟು ಹೋಗತ್ತೆ?"

"ಬೇಡ ಸರ್. ಮಾತು ಕೊಟ್ಟಾಗಿದೆ. ಈಗ ಬಂದ್ರೆ ಕೋಚ್ ಹ್ಯಾಡ್ಲಿಗೆ ಮೋಸ ಮಾಡ್ದಂಗಾಗತ್ತೆ."

"ಎಲ್ರೂ ನಾಕು ಕಡೆ ನೋಡ್ತಾರೆ ಮಗ. ಸಹಿ ಬೀಳೋವರೆಗೂ ಯಾರದ್ದೂ ಯಾವ್ದೂ ಖಾತ್ರಿ ಇಲ್ಲ."

"ಎಲ್ರೂ ನೋಡ್ಲಿ ಸರ್."

ಮೇಜಿನ ಕೆಳಗೆ ಅವನ ಕಾಲಿಗೆ ಒದ್ದೆ. ಕಾಲು ಹಿಂದಕ್ಕೆ ಎಳೆದುಕೊಂಡ, ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಡಿದ ಮಾತಿಗೆ ತಪ್ಪಬಾರದು ಅಂತ ಚಿಕ್ಕಂದಿನಿಂದ ಅವನ ಕಿವಿಯಲ್ಲಿ ಊದಿದವಳು ನಾನೇ. ಈಗ ಅದೇ ಬುದ್ಧಿ ನನ್ನೆದುರಿಗೆ ಕೂತು ಅಡ್ಡಗಾಲು ಹಾಕುತ್ತಿದೆ. ಯಾರನ್ನು ಬೈಯಲಿ!

ಹೋಗುವಾಗ ಪೂಲ್ ಬಾಗಿಲಲ್ಲಿ ನಿಂತು ನನಗೆ ನಂಬರ್ ಕೊಟ್ಟ. "ನಮ್ಮಲ್ಲಿ ಸ್ನ್ಯಾಪರ್‌ಗೆ ಅಂತ ಇರೋದು ಒಂದೇ ಜಾಗ ಮ್ಯಾಮ್. ಎಷ್ಟು ದಿನ ಖಾಲಿ ಇರತ್ತೋ ಹೇಳಕ್ಕಾಗಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಫೋನ್ ಮಾಡಿ." ಫೋನಿನಲ್ಲಿ ಹಾಕಿಕೊಂಡೆ. ಆಮೋಸನಿಗೆ ಹೇಳಿಲ್ಲ. ಕಷ್ಟಕಾಲಕ್ಕೆ ಇರಲಿ.

ಅಕ್ಟೋಬರ್ 13, ಭಾನುವಾರ

ಚರ್ಚ್ ಮುಗಿದ ಮೇಲೆ ಅಣ್ಣನ ಮನೆಯಲ್ಲಿ ಊಟ. ಕಾಲರ್ಡ್ ಸೊಪ್ಪು, ಹುರಿದ ಕೋಳಿ, ಅತ್ತಿಗೆಯ ಒಣಕಲು ಕಾರ್ನ್‌ಬ್ರೆಡ್. ನಮ್ಮ ಹೈಸ್ಕೂಲಿನ ಕೋಚ್ ಸ್ಟ್ರಿಕ್ಲಂಡ್ ಕೂಡ ಇದ್ದ.

ಅಣ್ಣ ಎದ್ದು ನಿಂತು ಪ್ರವಚನವನ್ನೇ ಶುರುಮಾಡಿದ. ಕೋರ್ಟಿನಲ್ಲಿ ಏನೋ ದೊಡ್ಡ ರಾಜಿ ಆಗುತ್ತಿದೆಯಂತೆ, ಮುಂದಿನ ವರ್ಷದಿಂದ ಕಾಲೇಜು ಫುಟ್‌ಬಾಲಿನ ಕಾನೂನೇ ಬೇರೆಯಂತೆ. "ಇಷ್ಟು ದಿನ ಒಂದು ಟೀಮಿಗೆ ಎಂಬತ್ತೈದು ಸ್ಕಾಲರ್‌ಶಿಪ್ಪು. ಇನ್ಮೇಲೆ ನೂರೈದು! ಇಪ್ಪತ್ತು ಜಾಸ್ತಿ! ದೇವರು ಬಡವರ ಕಡೆ ನೋಡ್ದ ನೋಡು ವರ್ನೆಲ್."

"ಹೋಬರ್ಟಣ್ಣ, ಪೂರ್ತಿ ಓದಿದ್ರಾ?" ಅಂದ ಸ್ಟ್ರಿಕ್ಲಂಡ್, ಕೋಳಿಯ ಕಾಲು ಕೆಳಗಿಡದೆ.

"ಓದೋದೇನು, ಲೆಕ್ಕ ಬರಲ್ವಾ ನಂಗೆ?"

"ನೂರೈದು ಅಂದ್ರೆ ಟೀಮಲ್ಲಿ ಇರೋ ಒಟ್ಟು ಜನ. ಈಗ ಸ್ಕಾಲರ್‌ಶಿಪ್ ಇಲ್ದೆ ಕೈಯಿಂದ ಫೀಸ್ ಕಟ್ಕೊಂಡು ಆಡೋ ಹುಡುಗ್ರೂ ಸೇರಿ ನೂರಿಪ್ಪತ್ತೋ ನೂರಮೂವತ್ತೋ ಇರ್ತಾರೆ. ಇನ್ಮೇಲೆ ನೂರೈದರ ಮೇಲೆ ಒಂದು ನರಪಿಳ್ಳೆನೂ ಇಲ್ಲ. ಊಟದ ಮೇಜಿಗೆ ಇಪ್ಪತ್ತು ಕುರ್ಚಿ ಜಾಸ್ತಿ ಹಾಕ್ತಾರೆ, ಸರಿ. ಗೋಡೆಗೆ ಒರಗಿ ನಿಂತ್ಕೊಂಡು ತಿಂತಿದ್ದೋರನ್ನೆಲ್ಲ ಆಚೆ ದಬ್ತಾರೆ."



"ಸ್ನ್ಯಾಪರ್‌ಗಳು?" ಅಂತ ನಾನೇ ಕೇಳಿದೆ.

"ಮುಂಚೆ ಮೂರು ಜನ ಇಟ್ಕೊಳ್ತಿದ್ರು. ಇನ್ನು ಒಬ್ಬ. ಹೆಚ್ಚಂದ್ರೆ ಇಬ್ರು."

"ಆ ಒಬ್ಬ ನಮ್ಮ ಆಮೋಸ್ ಬಿಡಿ!" ಅಂತ ಅಣ್ಣ ಟೋಪಿ ಸರಿಮಾಡಿಕೊಂಡ.

ಸ್ಟ್ರಿಕ್ಲಂಡ್ ನಗಲಿಲ್ಲ. ಈಗ ಆಟಗಾರರು ವರ್ಷಕ್ಕೊಂದು ಕಾಲೇಜು ಬದಲಿಸಬಹುದಂತೆ. ಹದಿನೆಂಟರ ಹುಡುಗನನ್ನು ತಂದು ತಿದ್ದಿ ತೀಡುವ ತಾಳ್ಮೆ ಯಾರಿಗೂ ಉಳಿದಿಲ್ಲವಂತೆ, ಬೇರೆ ಕಾಲೇಜಿನಲ್ಲಿ ಪಳಗಿದ ಇಪ್ಪತ್ಮೂರರ ಗಂಡಸೇ ಸಿಗುವಾಗ. ಹಿಂದಿನಿಂದ ಇದ್ದ ಆ ಸಹಿಯ ಪತ್ರವನ್ನೂ ಈ ವಾರ ಕೈಬಿಟ್ಟರಂತೆ. ಬದಲಿಗೆ ಬೇರೆ ಕಾಗದ. ನನಗೆ ಅರ್ಧ ಅರ್ಥವಾಯಿತು. ಅರ್ಥವಾದ ಅರ್ಧವೇ ಸಾಕಾಯಿತು.

ಆಮೋಸ್ ಮಾತ್ರ ಮತ್ತೊಂದು ತುಂಡು ಕಾರ್ನ್‌ಬ್ರೆಡ್ ಹಾಕಿಸಿಕೊಂಡ. ಅತ್ತಿಗೆಗೆ ಬೇಜಾರಾಗಬಾರದಲ್ಲ.

ನವೆಂಬರ್ 9, ಶನಿವಾರ

ಹಾರ್ಗ್ರೋವ್‌ಗೆ ಹೋಗಿ ಬಂದೆವು. ಅವರೇ ಕರೆಸಿದ್ದು. ಏನು ಮೈದಾನ, ಏನು ಊಟ! ಆಮೋಸನಿಗೆ ಹಸಿರು ಜೆರ್ಸಿ ಹಾಕಿಸಿ ಫೋಟೋ ತೆಗೆದರು. ಮೊದಲ ಸಲ ಅವನ ಮುಖ ಬಂದಿದೆ.

ಕೋಚ್ ಹ್ಯಾಡ್ಲಿ ನನ್ನ ಹೆಗಲ ಮೇಲೆ ಕೈಹಾಕಿ, "ಇನ್ನು ನಾಕು ವರ್ಷ ಇವ್ನು ನಮ್ಮ ಮನೆ ಮಗ ಮ್ಯಾಮ್. ನೀವು ನಿಶ್ಚಿಂತೆಯಾಗಿರಿ," ಅಂದ. ಬೆಣ್ಣೆಯಂಥ ಮಾತು. ಆದರೂ ಕಣ್ಣು ತುಂಬಿತು, ಸುಳ್ಳೇಕೆ.

ಅಲ್ಲಿ ಈಗಿರುವ ಸ್ನ್ಯಾಪರ್ ಟಕರ್. ಎರಡನೆಯ ವರ್ಷದವನು. ಬಿಳಿಯರ ಹುಡುಗ, ಮಿಸಿಸಿಪ್ಪಿ ಕಡೆಯವನು, ನಾಚಿಕೆ ಸ್ವಭಾವ. ಚಳಿಯಲ್ಲಿ ಚೆಂಡು ಜಾರದ ಹಾಗೆ ಬೆರಳು ಹೇಗಿಡಬೇಕು ಅಂತ ಆಮೋಸನಿಗೆ ತೋರಿಸಿಕೊಡುತ್ತ ನಿಂತುಬಿಟ್ಟ. ತನ್ನ ಜಾಗಕ್ಕೆ ಬರುವವನಿಗೆ ಇಷ್ಟು ಕಲಿಸುವವರು ಯಾರಿದ್ದಾರೆ?

ಅವನಮ್ಮ ರೋಂಡಾ ಅವನಿಗೆ ತದ್ವಿರುದ್ಧ. ಧ್ವನಿವರ್ಧಕವೇ ಬೇಡ. ನಮ್ಮನ್ನು ದೂರದಿಂದ ನೋಡಿದವಳೇ, "ಸ್ನ್ಯಾಪರ್ ಅಮ್ಮನಾ ನೀವೂ? ಬನ್ನಿ ಬನ್ನಿ! ಈ ಜಗತ್ತಲ್ಲಿ ಮಗನ್ನ ಹಿಂದುಗಡೆಯಿಂದ ಗುರುತು ಹಿಡಿಯೋ ತಾಯಂದ್ರು ನಾವಿಬ್ರೇ!" ಅಂದಳು. ತನ್ನ ಕಾರಿನ ಹಿಂದೆ ಕುರ್ಚಿ ಹಾಕಿ ಕೂರಿಸಿ, ತನ್ನ ಕಂಬಳಿಯನ್ನೇ ನನ್ನ ಕಾಲಿಗೆ ಹೊದಿಸಿದಳು. ಬೇರೆ ಹೆಂಗಸರು ನನ್ನನ್ನು ನೋಡಿ ನಕ್ಕು ಮುಂದೆ ಹೋದರು. ಇವಳು ಎದ್ದು ಹೋಗಲಿಲ್ಲ. ತನ್ನ ನಂಬರ್ ಕೊಟ್ಟಳು, ನನ್ನದನ್ನು ತೆಗೆದುಕೊಂಡಳು.

ಡಿಸೆಂಬರ್ 2, ಸೋಮವಾರ

ಹ್ಯಾಡ್ಲಿಯ ಫೋನ್. ಬುಧವಾರ ಸಹಿ ಬೇಡವಂತೆ. ಫೆಬ್ರವರಿಯಲ್ಲಿ ಇನ್ನೊಂದು ಸಹಿಯ ದಿನ ಇದೆಯಲ್ಲ, ಆಗ.

"ಯಾಕೆ ಸರ್?" ಅಂತ ಆಮೋಸ್ ಕೇಳಲಿಲ್ಲ. "ಆಯ್ತು ಸರ್" ಅಂದ. ನಾನು ಫೋನ್ ಕಿತ್ತುಕೊಂಡು ಕೇಳಿದೆ.

"ಏನಿಲ್ಲ ಮ್ಯಾಮ್, ಈ ನೂರೈದರ ಲೆಕ್ಕ ಕೂಡಿಸ್ತಾ ಇದೀವಿ. ಅವ್ನ ಜಾಗ ಎಲ್ಲೂ ಹೋಗಲ್ಲ. ಅವ್ನು ನಮ್ಮ ಹುಡುಗ."

ಹಸಿರು ಕೇಕ್‌ಗೆ ಹೇಳಿಬಿಟ್ಟಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಬೇಕರಿಯವಳಿಗೆ ಫೋನ್ ಮಾಡಿ ಬೇಡ ಅಂದೆ. ಆಗಲೇ ಬಣ್ಣ ಕಲಸಿದ್ದಳಂತೆ.

ಡಿಸೆಂಬರ್ 4, ಬುಧವಾರ

ಶಾಲೆಯ ಜಿಮ್ಮಿನಲ್ಲಿ ಇಬ್ಬರು ಹುಡುಗರು ಸಹಿ ಹಾಕಿದರು. ಮೇಜಿನ ಮೇಲೆ ಟೋಪಿ, ಹಿಂದೆ ಬಲೂನು, ಅಪ್ಪ ಅಮ್ಮ ಅಕ್ಕಪಕ್ಕ. ಆಮೋಸ್ ಮೂರನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಹೋಬರ್ಟ್ ಟೋಪಿ ಹಾಕಿಕೊಂಡೇ ಬಂದಿದ್ದ. ಕೇಳಿದವರಿಗೆಲ್ಲ "ಫೆಬ್ರವರಿ, ಫೆಬ್ರವರಿ" ಅನ್ನುತ್ತಿದ್ದ.

ಮೂಗಿಗೆ ತುಪ್ಪ ಸವರಿದ ಹಾಗಿದೆ. ವಾಸನೆ ಬರುತ್ತದೆ, ನಾಲಿಗೆಗೆ ಎಟುಕುವುದಿಲ್ಲ.

ಡಿಸೆಂಬರ್ 12, ಗುರುವಾರ

ಅಂಗಡಿಯಲ್ಲಿ ಒಬ್ಬಳ ತಲೆ ಅರ್ಧ ಆಗಿತ್ತು. ರೋಂಡಾ ಫೋನ್ ಮಾಡಿದಳು. ಅಳುತ್ತಿದ್ದಳು. ಅಂಥ ಗಂಟಲು ಅಳುವಾಗ ಇಷ್ಟು ಸಣ್ಣದಾಗುತ್ತದೆ ಅಂತ ಗೊತ್ತಿರಲಿಲ್ಲ.

"ಟಕರ್‌ನ ಕರೆದು ಜಾಗ ಇಲ್ಲ ಅಂದ್ಬಿಟ್ರು ವರ್ನೆಲ್. ಎರಡು ವರ್ಷ ಆಡ್ಸಿ... ನೂರೈದಕ್ಕೆ ಇಳಿಸ್ಬೇಕಂತೆ, ಬೇರೆ ಕಡೆ ನೋಡ್ಕೋ ಅಂದ್ರಂತೆ. ಹದಿನೈದು ನಿಮಿಷದ ಮಾತು, ಅಷ್ಟೇ."

 ಅವನ ಜಾಗಕ್ಕೆ ಬರುತ್ತಿರುವವನು ನನ್ನ ಮಗನಲ್ಲವೇ! ಏನಂತ ಸಮಾಧಾನ ಹೇಳಲಿ? ಅದನ್ನು ಅವಳೇ ಎತ್ತಿದಳು.

"ನೀನು ಬೇಜಾರ್ ಮಾಡ್ಕೋಬೇಡ. ನಿನ್ನ ಮಗ ಏನ್ ಮಾಡ್ತಾನೆ ಪಾಪ, ಮಗು ಅದು. ಟಕರ್‌ಗೂ ಅವ್ನ ಮೇಲೆ ಸಿಟ್ಟಿಲ್ಲ. ನಂಗೆ ಯಾರ ಹತ್ರ ಅಳೋದು ಗೊತ್ತಾಗ್ಲಿಲ್ಲ, ಅದಕ್ಕೆ ಮಾಡ್ದೆ. ಯಾವ ಕಾಲೇಜಿನವ್ರೂ ಫೋನ್ ಎತ್ತುತಿಲ್ಲ. ಇವ್ನ ಥರದವ್ರು ಈಗ ಸಾವಿರಾರು ಜನ ಬೀದಿಗೆ ಬಿದ್ದಿದಾರಂತೆ."

ಅವಳ ಕಂಬಳಿ ನನ್ನ ಕಾಲ ಮೇಲಿದ್ದದ್ದು ನೆನಪಾಯಿತು. ಕೋಚ್ ಪೂಲ್‌ನ ನಂಬರ್ ಕೊಟ್ಟೆ. "ಲ್ಯಾಂಗ್ಡನ್ ಅಂತ. ಚಿಕ್ಕ ಕಾಲೇಜು, ಒಳ್ಳೆ ಮನುಷ್ಯ. ನನ್ನ ಹೆಸರು ಹೇಳು," ಅಂದೆ.

ಫೋನ್ ಇಟ್ಟ ಮೇಲೆ ಮನಸ್ಸು ಹಗುರಾಯಿತು. ಕುರ್ಚಿಯಲ್ಲಿ ಕೂತವಳು, "ಯಾರಿಗೋ ಒಳ್ಳೇದ್ ಮಾಡಿದ್ರಿ ಅನ್ಸತ್ತೆ, ಮುಖ ನೋಡಿದ್ರೆ ಗೊತ್ತಾಗತ್ತೆ," ಅಂದಳು.

ಡಿಸೆಂಬರ್ 20, ಶುಕ್ರವಾರ

ಲ್ಯಾಂಗ್ಡನ್‌ನವರು ಟಕರ್‌ನನ್ನು ತೆಗೆದುಕೊಂಡರು! ರೋಂಡಾ ಫೋನಿನಲ್ಲಿ ಕಿರುಚಿದ ಕಿರುಚಿಗೆ ಡ್ರೈಯರ್ ಕೆಳಗಿದ್ದವಳೂ ತಲೆಯೆತ್ತಿದಳು. ಜನವರಿ ಮೊದಲ ವಾರವೇ ಹಾಸ್ಟೆಲಿಗೆ ಸೇರುತ್ತಾನಂತೆ. "ನೀನು ನನ್ನ ಪಾಲಿಗೆ ದೇವತೆ ಕಣೇ," ಅಂದಳು.

ಆಮೋಸನಿಗೆ ಹೇಳಿದೆ — ನಂಬರ್ ನಾನು ಕೊಟ್ಟದ್ದನ್ನು ಬಿಟ್ಟು ಉಳಿದದ್ದೆಲ್ಲ. ನಂಬರ್ ಇಟ್ಟುಕೊಂಡಿದ್ದೆ ಅಂತ ಗೊತ್ತಾದರೆ ನನಗೆ ಹ್ಯಾಡ್ಲಿಯ ಮೇಲೆ ನಂಬಿಕೆಯಿಲ್ಲ ಅಂದುಕೊಳ್ಳುತ್ತಾನೆ. ಖುಷಿಪಟ್ಟ. "ಅವ್ನ ಕೈ ಚಿನ್ನ ಅಮ್ಮ," ಅಂದ. ಹಿತ್ತಲಿಗೆ ಹೋಗಿ ಹಳೆಯ ಟೈರಿನ ತೂತಿಗೆ ಚೆಂಡು ಎಸೆಯುತ್ತಿದ್ದಾನೆ. ಧಪ್, ಧಪ್.

ಒಳ್ಳೆಯ ಕ್ರಿಸ್‌ಮಸ್ ಆಗುತ್ತದೆ.

ಜನವರಿ 13, ಸೋಮವಾರ

ಕೈ ಓಡುತ್ತಿಲ್ಲ. ಆದರೂ ಬರೆಯುತ್ತೇನೆ.

ಸಂಜೆ ಹ್ಯಾಡ್ಲಿಯ ಫೋನ್. ಆಮೋಸ್ ಸ್ಪೀಕರ್‌ಗೆ ಹಾಕಿ ಮೇಜಿನ ಮೇಲಿಟ್ಟ. ಫೆಬ್ರವರಿಯ ಸಹಿಯ ವಿಷಯ ಅಂದುಕೊಂಡು ಇಬ್ಬರೂ ಕುರ್ಚಿ ಎಳೆದುಕೊಂಡೆವು.

ದೊಡ್ಡ ಕಾಲೇಜಿನಿಂದ ಒಬ್ಬ ಸ್ನ್ಯಾಪರ್ ಹಾರ್ಗ್ರೋವ್‌ಗೆ ಬರುತ್ತಿದ್ದಾನಂತೆ. ಇಪ್ಪತ್ಮೂರು ವರ್ಷ. ಮದುವೆಯೂ ಆಗಿದೆಯಂತೆ. ಇನ್ನೊಬ್ಬ ಸ್ನ್ಯಾಪರ್ ಇಟ್ಟುಕೊಳ್ಳಲು ನೂರೈದರಲ್ಲಿ ಜಾಗವಿಲ್ಲವಂತೆ.

"ಹಂಗಾದ್ರೆ ಟಕರ್‌ನ ಕಳ್ಸಿದ್ದು ನನ್ನ ಮಗನಿಗೋಸ್ಕರ ಅಲ್ವಾ?" ಅಂದೆ. ಅದೇ ಯಾಕೆ ಮೊದಲು ಬಾಯಿಗೆ ಬಂತೋ.

"ಆಗ ಹಂಗೇ ಇತ್ತು ಮ್ಯಾಮ್. ಆಮೇಲೆ ಇವ್ನು ಸಿಕ್ದ. ಮೇಲಿನವ್ರು ಬಿಡ್ಲಿಲ್ಲ. ನನ್ನ ಕೈಯಲ್ಲೇನೂ ಇಲ್ಲ."

"ಜೂನ್‌ನಲ್ಲಿ ಮಾತು ಕೊಟ್ರಲ್ಲ?"

"ಕೊಟ್ಟಿದ್ದೆ. ಮನಸ್ಸಿಂದಾನೇ ಕೊಟ್ಟಿದ್ದೆ. ಈಗ ಕಾನೂನೇ ಬೇರೆ ಆಗೋಯ್ತು."

"ಯಾರ ಕೈಯಲ್ಲಿದೆ ಹೇಳಿ, ಅವ್ರಿಗೇ ಫೋನ್ ಮಾಡ್ತೀನಿ."

ಮಾತು ತಿರುಗಿಸಿದ. ಅವನಿಗೂ ಗೊತ್ತಿಲ್ಲ ಅನಿಸಿತು. ಆಗಸ್ಟ್‌ವರೆಗೆ ಕಾದರೆ ಯಾರಾದರೂ ಬಿಟ್ಟುಹೋದಾಗ ಕರೆಯಬಹುದಂತೆ, ಭರವಸೆ ಇಲ್ಲವಂತೆ, ಸ್ಕಾಲರ್‌ಶಿಪ್ ಅಂತೂ ಇಲ್ಲವಂತೆ. ಅವನ ದನಿಯೂ ಒಡೆದಿತ್ತು. ನನಗೆ ಸಿಟ್ಟು ಬರಲು ಕೂಡ ಅವನು ಬಿಡಲಿಲ್ಲ.

ಆಮೋಸ್ ಫೋನಿನ ಹತ್ತಿರ ಬಗ್ಗಿ, "ಫೋನ್ ಮಾಡಿ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್," ಅಂದ. ಥ್ಯಾಂಕ್ಸ್ ಅಂದ ನನ್ನ ಮಗ!

ಇವತ್ತು ಹಿತ್ತಲಲ್ಲಿ ಸದ್ದಿಲ್ಲ.

ಜನವರಿ 14, ಮಂಗಳವಾರ. ಬೆಳಿಗ್ಗೆ

ಪೂಲ್ ಆಫೀಸಿಗೆ ಬರುವ ಹೊತ್ತಿಗೆ ಫೋನ್ ಮಾಡಿದೆ. ಉತ್ತರ ಏನು ಅಂತ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

"ಮ್ಯಾಮ್! ನಾನೇ ನಿಮಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳ್ಬೇಕಿತ್ತು. ಟಕರ್ ಬಂಗಾರದಂಥ ಹುಡುಗ. ನಿಮ್ಮ ಹೆಸರು ಹೇಳಿದ್ರು ಅಂತಾನೇ ಆ ತಾಯಿ ಜೊತೆ ಮಾತಾಡ್ದೆ, ಇಲ್ದಿದ್ರೆ ಆವಾಗ ಬರ್ತಿದ್ದ ಫೋನುಗಳ ರಾಶೀಲಿ ಎತ್ತುತಾನೇ ಇರ್ಲಿಲ್ಲ."

ಆಮೋಸನ ವಿಷಯ ಹೇಳಿದೆ.  ಬಹಳ ಮೆಲ್ಲಗೆ, "ಒಂದೇ ಜಾಗ ಇತ್ತು ಮ್ಯಾಮ್," ಅಂದ.

ಗೊತ್ತು. ಬಾಗಿಲಲ್ಲಿ ನಿಂತು ಹೇಳಿದ್ದ. ನನ್ನ ಕೈಯಾರೆ ತೆಗೆದುಕೊಟ್ಟೆ.

ಟಕರ್‌ನ ಜಾಗಕ್ಕೆ ಆಮೋಸ್ ಬಂದ ಅಂತ ನಾನು ಕರಗಿದೆ. ಆ ಮದುವೆಯಾದವನಿಗೂ ಅವನ ಕಾಲೇಜಿನಲ್ಲಿ ಯಾರೋ ಜಾಗ ತಪ್ಪಿಸಿರಬೇಕು. ಮೇಲಿನ ಮೆಟ್ಟಿಲಿನವನನ್ನು ದಬ್ಬಿದರು, ಅವನು ಕೆಳಗಿನವನ ಮೇಲೆ ಬಿದ್ದ, ಅವನು ಅದರ ಕೆಳಗಿನವನ ಮೇಲೆ. ಕಟ್ಟಕಡೆಯ ಮೆಟ್ಟಿಲಲ್ಲಿ ಆಮೋಸ್ ನಿಂತಿದ್ದ. ಅವನ ಕೆಳಗೆ ನೆಲ ಮಾತ್ರ.

ಜನವರಿ 19, ಭಾನುವಾರ

ಚರ್ಚಿಗೆ ಹೋಬರ್ಟ್ ಟೋಪಿ ಇಲ್ಲದೆ ಬಂದ. ಬೋಳುತಲೆ ನೋಡಿ ಎಷ್ಟೋ ದಿನವಾಗಿತ್ತು. ಯಾರೂ ಏನೂ ಕೇಳಲಿಲ್ಲ. ಊರಿಗೆಲ್ಲ ಗೊತ್ತಾಗಿದೆ.

ಊಟಕ್ಕೆ ಕೂತಾಗ ಮೂವರಿಗೂ ನಂಬರಿನ ವಿಷಯ ಹೇಳಿಬಿಟ್ಟೆ. ನುಂಗಿಕೊಂಡಿರಲು ಆಗಲಿಲ್ಲ. ಅತ್ತಿಗೆ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಅಣ್ಣ ಮೇಜು ಗುದ್ದಿದ.

"ಇದ್ದ ಒಂದು ಬಾಗಿಲನ್ನ ದಾರೀಲಿ ಹೋಗೋರಿಗೆ ತೆಗ್ದು ಕೊಟ್ಯಲ್ಲೇ! ಸಹಿ ಬೀಳೋವರೆಗೂ ತಡ್ಕೊಳ್ಳಕ್ಕೆ ಏನಾಗಿತ್ತು ನಿಂಗೆ?"

"ಮಾವ, ಸಾಕು," ಅಂದ ಆಮೋಸ್. "ಕೋಚ್ ಪೂಲ್ ನಮ್ಮನೆಗೆ ಬಂದಾಗ ಬೇಡ ಅಂದಿದ್ದು ನಾನು. ಅಮ್ಮ ಏನ್ ಮಾಡಿದ್ಲು? ನಾನು ಬೇಡ ಅಂದಿದ್ದನ್ನ ಬೇಕು ಅಂದೋರಿಗೆ ಕೊಟ್ಲು."

"ಆ ಹೆಂಗಸಿಗಾದ್ರೂ ತಿಳೀಲಿ! ಈಗ್ಲೇ ಫೋನ್ ಮಾಡಿ ಹೇಳು ವರ್ನೆಲ್. ಯಾರ ತುತ್ತು ಉಣ್ತಿದಾರೆ ಅಂತ ಗೊತ್ತಾಗ್ಲಿ."

"ಬೇಡ." ಆಮೋಸ್ ಅಷ್ಟು ಗಟ್ಟಿಯಾಗಿ ದೊಡ್ಡವರೆದುರು ಮಾತಾಡಿದ್ದು ಇದೇ ಮೊದಲು. "ಟಕರ್‌ಗೆ ಗೊತ್ತಾದ್ರೆ ಅವ್ನು ಚೆಂಡು ಹಿಡಿಯಲ್ಲ ಮಾವ. ನಂಗೊತ್ತು ಅವ್ನು. ಕೈ ನಡುಗತ್ತೆ. ಸ್ನ್ಯಾಪರ್‌ಗೆ ಕೈ ನಡುಗಿದ್ರೆ ಮುಗೀತು. ಆಮೇಲೆ ಅವ್ನೂ ಇಲ್ಲ, ನಾನೂ ಇಲ್ಲ. ಏನ್ ಸಿಕ್ಕಂಗಾಯ್ತು? ಅಮ್ಮ, ಹೇಳಲ್ಲ ಅಂತ ಮಾತು ಕೊಡು."

ಕೊಟ್ಟೆ. ಮಾತು! ಈ ಮನೆಯಲ್ಲಿ ಮಾತಿಗೆ ಮಾತ್ರ ಬರವಿಲ್ಲ.

ಅವನು ಬೈದಿದ್ದರೆ, ತಟ್ಟೆ ಒಗೆದಿದ್ದರೆ, ನನಗೆ ಬದುಕಲು ಸುಲಭವಾಗುತ್ತಿತ್ತು. ಅವನಿಗಾದ ನೋವು ನನ್ನ ಹತ್ತಿರ ಬರದ ಹಾಗೆ 'ಏನಿಲ್ಲಮ್ಮ' ಅಂತ ತಾನೇ ನುಂಗಿಕೊಳ್ಳುತ್ತಿದ್ದಾನೆ. ಹೆತ್ತವಳಾಗಿ ಅದನ್ನು ನೋಡುವುದು ಬಿಟ್ಟು ಬೇರೇನೂ ನನ್ನಿಂದ ಆಗುತ್ತಿಲ್ಲ.

ಜನವರಿ 25, ಶನಿವಾರ

ಸ್ಟ್ರಿಕ್ಲಂಡ್ ಈ ವಾರವೆಲ್ಲ ಆಮೋಸನ ಆಟದ ವೀಡಿಯೋ ಕಂಡಕಂಡ ಕಾಲೇಜಿಗೆ ಕಳಿಸಿದ. ಎಲ್ಲರದೂ ಒಂದೇ ಪಲ್ಲವಿ — ಹುಡುಗ ಚೆನ್ನಾಗಿದ್ದಾನೆ, ಎರಡು ವರ್ಷ ಆಡಿದವನು ಬೇಕಿತ್ತು. ಎಲ್ಲರಿಗೂ ಆಡಿ ಬಂದವನೇ ಬೇಕು. ಹಾಗಾದರೆ ಮೊದಲು ಆಡುವುದು ಎಲ್ಲಿ?

ಅಂಗಡಿಯಲ್ಲಿ ಹೆಂಗಸರು ನನ್ನೆದುರು ಫುಟ್‌ಬಾಲ್ ಮಾತು ನಿಲ್ಲಿಸಿದ್ದಾರೆ. ಹವಾಮಾನ, ಮೊಟ್ಟೆಯ ರೇಟು, ಪಾದ್ರಿಯ ಹೊಸ ಕಾರು. ಒಬ್ಬಳು ಮಾತ್ರ ಕನ್ನಡಿಯಲ್ಲಿ ನನ್ನ ಕಣ್ಣು ಹಿಡಿದು, "ದೇವ್ರು ಒಂದು ಬಾಗಿಲು ಮುಚ್ಚಿದ್ರೆ..." ಅಂತ ಶುರುಮಾಡಿದಳು. ಬಿಸಿ ಬಾಚಣಿಗೆ ಅವಳ ಕಿವಿಯ ಹತ್ತಿರವೇ ಇತ್ತು. "ಅಲ್ಲಾಡ್ಬೇಡಮ್ಮ, ಸುಟ್ಟುಹೋಗತ್ತೆ," ಅಂದೆ. ಉಳಿದದ್ದನ್ನು ನುಂಗಿಕೊಂಡಳು.

ಆಮೋಸ್ ಕೋಳಿ ಕತ್ತರಿಸುವ ಫ್ಯಾಕ್ಟರಿಗೆ ಹೋಗಿ ಮಾತಾಡಿ ಬಂದಿದ್ದಾನೆ. ಶಾಲೆ ಮುಗಿದ ವಾರದಿಂದಲೇ ಕೆಲಸ ಇದೆಯಂತೆ. "ಒಂದು ವರ್ಷ ಮಾಡ್ತೀನಿ ಅಮ್ಮ, ಆಮೇಲೆ ನೋಡೋಣ." ಅವನ ಅಪ್ಪನೂ ಒಂದು ವರ್ಷ ಅಂತಲೇ ಹೋಗಿದ್ದು. ಆ ಶೀತದ ಕೋಣೆಯಲ್ಲೇ ಬೆರಳುಗಳ ಸ್ಪರ್ಶ ಹೋಯಿತು, ಸಾಯುವವರೆಗೂ ಅಂಗಿಯ ಗುಂಡಿ ನಾನೇ ಹಾಕುತ್ತಿದ್ದೆ.

ಬೇಡ ಅನ್ನಲು ಬಾಯಿ ತೆರೆದೆ. ಬೇಡ ಅಂದರೆ ಬದಲಿಗೆ ಏನು ಕೊಡಲಿ ಅಂತ ಹೊಳೆಯಲಿಲ್ಲ. ಊಟಕ್ಕೆ ಬಡಿಸಿದೆ.

ಫೆಬ್ರವರಿ 5, ಬುಧವಾರ. ಬೆಳಿಗ್ಗೆ

ಸಹಿಯ ದಿನ. ಆಮೋಸ್ ಬೇಗ ಶಾಲೆಗೆ ಹೋದ. ಇವತ್ತು ನಾಲ್ವರು ಸಹಿ ಹಾಕುತ್ತಾರೆ. ಜಿಮ್ಮಿನಲ್ಲಿ ಕುರ್ಚಿ ಜೋಡಿಸಲು ಜನ ಬೇಕು ಅಂತ ಸ್ಟ್ರಿಕ್ಲಂಡ್ ಕೇಳಿದ್ದ — ಇವನನ್ನಲ್ಲ, ಇಡೀ ಕ್ಲಾಸನ್ನು. ಇವನೇ ಕೈ ಎತ್ತಿದನಂತೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ.

ನಾನು ಹೋಗಲಿಲ್ಲ. ಅಂಗಡಿ ತೆಗೆದು ಕೂತಿದ್ದೇನೆ. ಬುಧವಾರ ಯಾರೂ ಬರುವುದಿಲ್ಲ.

ಅದೇ ದಿನ, ಮಧ್ಯಾಹ್ನ

ರೋಂಡಾಳ ಮೆಸೇಜ್. ಲ್ಯಾಂಗ್ಡನ್‌ನ ಜೆರ್ಸಿಯಲ್ಲಿ ಟಕರ್, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾನೆ. ನಗಲಿ, ಮಗು. ನಿಜಕ್ಕೂ ಹಾಗನಿಸಿತು, ಅದೇ ಹೊತ್ತಿಗೆ ಹೊಟ್ಟೆಯೂ ಉರಿಯಿತು. ಎರಡೂ ಒಟ್ಟಿಗೆ ಆಗಬಹುದು ಅಂತ ಗೊತ್ತಿರಲಿಲ್ಲ.

ಕೆಳಗೆ ಬರೆದಿದ್ದಾಳೆ: "ಇವತ್ತು ನಮ್ಮ ಆಮೋಸ್ ಸಹಿ ಹಾಕೋ ದಿನ! ಬೆಳಿಗ್ಗೆಯಿಂದ ಕಾಯ್ತಾ ಇದೀನಿ. ಹಾರ್ಗ್ರೋವ್ ಅಮ್ಮಂದಿರ ಗ್ರೂಪಿಂದ ಆಚೆ ಬಂದ್ಬಿಟ್ಟಿದೀನಿ, ಅಲ್ಲಿನ ಸುದ್ದಿ ನಂಗೇನೂ ಗೊತ್ತಿಲ್ಲ. ನೀನೇ ಫೋಟೋ ಕಳ್ಸು. ಟಕರ್ ಕೇಳ್ತಾನೇ ಇದಾನೆ."

ಟಕರ್ ಚೆನ್ನಾಗಿ ಕಾಣ್ತಿದಾನೆ ಅಂತ ಬರೆದು ಕಳಿಸಿದೆ. ಅಷ್ಟು ನಿಜ. ಅದರ ಮೇಲೆ ಏನು ಬರೆದರೂ ಸುಳ್ಳು, ಇಲ್ಲವೇ ಮಾತಿಗೆ ತಪ್ಪಿದ ಹಾಗೆ. ಸುಳ್ಳು ಹೇಳಬಾರದು ಅಂತಲೂ ಇವನಿಗೆ ನಾನೇ ಕಲಿಸಿದ್ದು.

ಮತ್ತೆ ಮೆಸೇಜ್. "ಫೋಟೋ ಎಲ್ಲಿ??"

ಫೋನ್ ಬೋರಲು ಹಾಕಿದೆ. ನೆಲ ಗುಡಿಸಿದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ.

ಈಗ ರಿಂಗ್ ಆಗುತ್ತಿದೆ. ಅವಳೇ. ವೀಡಿಯೋ ಕಾಲ್ — ನನ್ನ ಮುಖ ಕಾಣುತ್ತದೆ. ಎತ್ತದಿದ್ದರೆ ಮನೆಯಲ್ಲಿ ಏನೋ ಆಯಿತು ಅಂತ ಕಾರು ಹತ್ತಿ ಬಂದೇಬಿಡುವ ಜಾತಿ ಅವಳು. ನಿಂತಿತು. ಮತ್ತೆ ಶುರುವಾಯಿತು. ಪಕ್ಕದಲ್ಲಿ ಟಕರ್ ಕೂಡ ಕೂತಿರುತ್ತಾನೆ, ಆಮೋಸ್ ಎಲ್ಲಿ ಅಂತ ಕೇಳುತ್ತಾನೆ, ಆಗ ನಾನು ಏನು ಹೇಳಲಿ? ಎತ್ತಲೇಬೇಕು, ಪೆನ್ನು ಕೆಳಗಿಡುತ್ತೇನೆ.